ಮಂದಶ್ರವಣದ ಗ್ರಾಹಕರಿಗೆ ಸ್ಟೀರಿಯೊ ಆಯ್ಕೆ: ಸದ್ದು ಹೆಚ್ಚಿಸಿದರೆ ಸಾಲದು

ಮನೆಗೊಂದು ಸ್ಟೀರಿಯೊ ಕೊಳ್ಳಲು ಎಲೆಕ್ಟ್ರಾನಿಕ್ ಮಳಿಗೆಗೆ ಬರುವ ಗ್ರಾಹಕರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ವ್ಯಾಟ್?’ ಎಂಬುದಾಗಿರುತ್ತದೆ. ‘ನಮ್ಮ ತಂದೆಯವರಿಗೆ ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಿಸುವಂಥದ್ದನ್ನೇ ಕೊಡಿ’ ಎಂದು ಮಗನೋ ಮಗಳೋ ಒಂದು ಮಾತು ಸೇರಿಸಿದರಂತೂ ಮಾರಾಟಗಾರನ ಕೈ ತಾನಾಗಿಯೇ ಅಂಗಡಿಯಲ್ಲಿರುವ ಅತ್ಯಧಿಕ ವ್ಯಾಟ್‌ನ ಸೆಟ್ಟಿನತ್ತ ಚಾಚುತ್ತದೆ. ಸೆಟ್ಟು ಮನೆ ಸೇರುತ್ತದೆ. ಹದಿನೈದು ದಿನಗಳೊಳಗೆ ದೂರೂ ಬರುತ್ತದೆ. ಜೋರಾಗಿ ಇಟ್ಟರೆ ಕಿವಿಗೆ ಬಡಿದಂತಾಗುತ್ತದೆ, ಕಡಿಮೆ ಮಾಡಿದರೆ ಹಾಡಿನ ಪದಗಳೇ ತಿಳಿಯುವುದಿಲ್ಲ, ಮನೆಯ ಉಳಿದವರಿಗಂತೂ ತಲೆನೋವು. ಸೇವಾ ವಿಭಾಗದ ಹುಡುಗ ಹೋಗಿ ನೋಡಿದರೆ ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ.

ದೋಷವಿರುವುದು ಆಯ್ಕೆಯಲ್ಲಿ. ಮಂದಶ್ರವಣವೆಂದರೆ ಸದ್ದು ಕಡಿಮೆಯಾಗಿ ಕೇಳಿಸುವುದು, ಆದುದರಿಂದ ಸದ್ದು ಹೆಚ್ಚಿಸಿದರೆ ಸರಿಹೋಗುತ್ತದೆ ಎಂಬ ತಿಳಿವಳಿಕೆ ಗ್ರಾಹಕರಲ್ಲಿಯೂ ವ್ಯಾಪಾರಿಗಳಲ್ಲಿಯೂ ಸಮಾನವಾಗಿ ಬೇರೂರಿದೆ. ಇದರಿಂದ ಹಣ ವ್ಯರ್ಥವಾಗುವುದಷ್ಟೇ ಆಗಿದ್ದರೆ ಇಷ್ಟು ವಿವರವಾಗಿ ಬರೆಯುವ ಅಗತ್ಯವಿರಲಿಲ್ಲ. ಅಗತ್ಯಕ್ಕಿಂತ ಹೆಚ್ಚಿನ ಸದ್ದಿನಲ್ಲಿ ದಿನವೂ ಗಂಟೆಗಟ್ಟಲೆ ಕೇಳುವುದರಿಂದ ಉಳಿದಿರುವ ಅಲ್ಪಸ್ವಲ್ಪ ಶ್ರವಣಶಕ್ತಿಯೂ ಕುಂದುವ ಸಂಭವವಿದೆ, ಮತ್ತು ಹಾಗೆ ಕುಂದಿದುದು ಮರಳಿ ಬರುವುದಿಲ್ಲ. ಆದ್ದರಿಂದ ಈ ವಹಿವಾಟಿನಲ್ಲಿರುವ ನಮ್ಮ ಸದಸ್ಯರು ವಿಷಯವನ್ನು ಸ್ವಲ್ಪ ಆಳವಾಗಿ ಅರಿತುಕೊಳ್ಳುವುದು ಉಚಿತ.

ಈ ಗ್ರಾಹಕ ವರ್ಗ ಸಣ್ಣದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಶ್ರವಣ ಕುರಿತ ಜಾಗತಿಕ ವರದಿಯ ಪ್ರಕಾರ 2050ರ ವೇಳೆಗೆ ಜಗತ್ತಿನ ಸುಮಾರು 250 ಕೋಟಿ ಜನರಿಗೆ ಯಾವುದಾದರೊಂದು ಪ್ರಮಾಣದ ಶ್ರವಣದೋಷವಿರುತ್ತದೆ. ಅವರಲ್ಲಿ 70 ಕೋಟಿ ಜನರಿಗಾದರೂ ಚಿಕಿತ್ಸೆ ಅಥವಾ ಸಾಧನಗಳ ನೆರವು ಬೇಕಾಗುತ್ತದೆ. ಅದೇ ಸಂಸ್ಥೆಯ ಅಂದಾಜಿನಂತೆ 60 ವರ್ಷ ದಾಟಿದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿಗೆ ದೈನಂದಿನ ಬದುಕಿಗೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆ. ಕೈಯಲ್ಲಿ ಬಿಡುವು, ನಿವೃತ್ತಿಯ ಹಣ, ಮನೆಯಲ್ಲಿ ಹಳೆಯ ಕ್ಯಾಸೆಟ್ಟು ಮತ್ತು ಸಿ.ಡಿ.ಗಳ ಸಂಗ್ರಹ ಇರುವುದು ಈ ವಯಸ್ಸಿನವರಲ್ಲಿಯೇ ಎಂಬುದನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಿವಿಯಲ್ಲಿ ಆಗುವುದೇನು?

ಧ್ವನಿಯು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದನ್ನು ಹರ್ಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. ಆರೋಗ್ಯವಂತ ಎಳೆಯ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಅಂಗವೊಂದಿದ್ದು, ಅದರ ಉದ್ದಕ್ಕೂ ಇರುವ ಸೂಕ್ಷ್ಮ ರೋಮಕೋಶಗಳು ಈ ಕಂಪನಗಳನ್ನು ನರಗಳಿಗೆ ತಲುಪಿಸುತ್ತವೆ. ಬಾಗಿಲ ಬಳಿಯ ಕೋಶಗಳು ಎತ್ತರದ ಧ್ವನಿಗೆ, ಒಳತುದಿಯವು ತಗ್ಗಿನ ಧ್ವನಿಗೆ ಮೀಸಲು. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಬಳಿಯವು. ದೀರ್ಘಕಾಲ ಗದ್ದಲದಲ್ಲಿ ದುಡಿದವರಲ್ಲಿ ಈ ಹಾನಿ ಸುಮಾರು 4,000 ಹರ್ಟ್ಸ್‌ನ ಆಸುಪಾಸಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆಯೋ ಪೀಣ್ಯದ ಯಂತ್ರಶಾಲೆಗಳಲ್ಲಿಯೋ ಜೀವನ ಸವೆಸಿದವರಿಗೆ ಇದು ಅನುಭವದ ಮಾತು. (ಅಂಥ ಉದ್ಯಮಗಳನ್ನು ನಡೆಸುವ ಸದಸ್ಯರೂ ನಮ್ಮಲ್ಲಿದ್ದಾರೆ, ಕಾರ್ಮಿಕರಿಗೆ ಕಿವಿರಕ್ಷಕ ಕೊಟ್ಟರಷ್ಟೇ ಸಾಲದು, ತಾವೂ ಧರಿಸುವುದು ಲೇಸು.)

ಇದರ ಪರಿಣಾಮವನ್ನು ಕನ್ನಡದ ಉದಾಹರಣೆಯಿಂದಲೇ ತಿಳಿಯಬಹುದು. ‘ಸಾಲು’, ‘ಕಾಲು’, ‘ಪಾಲು’ ಎಂಬ ಮೂರು ಪದಗಳನ್ನು ತೆಗೆದುಕೊಳ್ಳಿ. ಅ, ಆ, ಉ ಮುಂತಾದ ಸ್ವರಾಕ್ಷರಗಳು ತಗ್ಗಿನ ಕಂಪನಗಳಲ್ಲಿದ್ದು ಬಲವಾಗಿರುತ್ತವೆ. ಸ, ಶ, ಕ, ತ, ಪ ಮೊದಲಾದ ವ್ಯಂಜನಗಳನ್ನು ಒಂದರಿಂದೊಂದು ಬೇರ್ಪಡಿಸುವ ಅಂಶವು ಬಹುಮಟ್ಟಿಗೆ 2,000 ಹರ್ಟ್ಸ್‌ಗಿಂತ ಮೇಲಿದ್ದು, ಬಲದಲ್ಲಿ ಕ್ಷೀಣವಾಗಿರುತ್ತದೆ. ಮಂದಶ್ರವಣದ ಹಿರಿಯರಿಗೆ ಮೂರೂ ಪದಗಳಲ್ಲಿ ‘ಆಲು’ ಸ್ಪಷ್ಟವಾಗಿ ಕೇಳಿಸುತ್ತದೆ. ಮೊದಲಿಗೆ ಬಂದದ್ದು ಯಾವ ಅಕ್ಷರವೆಂಬುದು ತಿಳಿಯುವುದಿಲ್ಲ. ಆದುದರಿಂದಲೇ ಅವರು ‘ಕೇಳಿಸುತ್ತದೆ, ಆದರೆ ಅರ್ಥವಾಗುತ್ತಿಲ್ಲ’ ಎನ್ನುತ್ತಾರೆ. ಸಂಗೀತದಲ್ಲಿಯೂ ಹೀಗೆಯೇ. ಗಾಯಕರ ಮೂಲಸ್ವರಗಳು ಬಹುತೇಕ 1,000 ಹರ್ಟ್ಸ್‌ನ ಒಳಗೇ ಇರುವುದರಿಂದ ರಾಗದ ನಡೆ ಅವರಿಗೆ ದಕ್ಕುತ್ತದೆ. ಕೈತಪ್ಪುವುದು ಸಾಹಿತ್ಯ, ಜೊತೆಗೆ ವೀಣೆಯ ಮೀಟಿನ ಮೊನಚು, ಮೃದಂಗದ ಬಲಗೈಯ ಪೆಟ್ಟಿನ ಸ್ಫುಟತೆ, ತಾಳದ ಕಿಣಿಕಿಣಿ.

ಎರಡನೆಯ ಅಂಶವು ಇನ್ನೂ ಮುಖ್ಯವಾದುದು, ಮತ್ತು ಅಂಗಡಿಗಳಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಂಥದು. ಒಳಕಿವಿಯ ದೋಷವಿರುವವರಿಗೆ ಮೆಲ್ಲನೆಯ ಸದ್ದು ಕೇಳಿಸುವುದಿಲ್ಲವಾದರೂ ಜೋರಾದ ಸದ್ದು ನಮಗೆ ಕೇಳಿಸಿದಷ್ಟೇ ಜೋರಾಗಿ, ಕೆಲವೊಮ್ಮೆ ಅದಕ್ಕಿಂತ ಕರ್ಕಶವಾಗಿ ಕೇಳಿಸುತ್ತದೆ. ಕೇಳಿಸತೊಡಗುವ ಮಟ್ಟ ಮೇಲಕ್ಕೇರಿದೆ, ಸಹಿಸಲಾಗದ ಮಟ್ಟ ಇದ್ದಲ್ಲಿಯೇ ಇದೆ. ನಡುವಿನ ಅಂತರ ಕುಗ್ಗಿದೆ. ‘ಏನು, ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳು’ ಎಂದವರೇ ಮರುಕ್ಷಣ ‘ಯಾಕೆ ಹಾಗೆ ಕಿರುಚುತ್ತೀಯೆ?’ ಎನ್ನುವುದನ್ನು ಹಿರಿಯರಿರುವ ಎಲ್ಲ ಮನೆಗಳಲ್ಲೂ ಕೇಳಿರುತ್ತೇವೆ. ಅದು ಮುಂಗೋಪವಲ್ಲ, ಕಿವಿಯ ಸ್ಥಿತಿ. ಹೊಸ ಸ್ಟೀರಿಯೊ ಈ ಕಿರಿದಾದ ಅಂತರದೊಳಗೆ ಕೆಲಸ ಮಾಡಬೇಕು.

ಹೊರಕಿವಿ ಅಥವಾ ನಡುಕಿವಿಯ ತೊಂದರೆಯಿಂದ ಬಂದ ಮಂದಶ್ರವಣದ ಮಾತು ಬೇರೆ. ಗುಗ್ಗೆ ಕಟ್ಟಿಕೊಂಡಿರುವುದು, ತಮಟೆ ತೂತಾಗಿರುವುದು ಮುಂತಾದವುಗಳಲ್ಲಿ ಎಲ್ಲ ಧ್ವನಿಗಳೂ ಹೆಚ್ಚುಕಡಿಮೆ ಒಂದೇ ಸಮನೆ ತಗ್ಗುತ್ತವೆ, ಸದ್ದು ಹೆಚ್ಚಿಸಿದರೆ ಕೇಳಿಸುತ್ತದೆ. ಆದರೆ ಇವುಗಳಲ್ಲಿ ಅನೇಕವು ಚಿಕಿತ್ಸೆಯಿಂದ ವಾಸಿಯಾಗುವಂಥವು. ಅಂಥವರು ಸ್ಟೀರಿಯೊ ಅಂಗಡಿಗೆ ಬರುವ ಮೊದಲು ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಹೋಗಬೇಕು.

ವ್ಯಾಟ್‌ನ ಮಾಯೆ

ಈಗ ವ್ಯಾಟ್‌ನ ಲೆಕ್ಕಕ್ಕೆ ಬರೋಣ. ಸದ್ದಿನ ಮಟ್ಟವನ್ನು ಅಳೆಯುವ ಡೆಸಿಬಲ್ ಮಾನವು ಕೂಡುವ ಲೆಕ್ಕದ್ದಲ್ಲ, ಗುಣಿಸುವ ಲೆಕ್ಕದ್ದು. ಆಂಪ್ಲಿಫಯರಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವುದು ಕೇವಲ 3 ಡೆಸಿಬಲ್. ಹತ್ತು ಪಟ್ಟು ಮಾಡಿದರೆ 10 ಡೆಸಿಬಲ್, ಕಿವಿಗೆ ಸುಮಾರು ಎರಡರಷ್ಟು ಜೋರಾದಂತೆ ಭಾಸವಾಗುತ್ತದೆ. ಎಂದರೆ 50 ವ್ಯಾಟ್‌ನ ಬದಲು 100 ವ್ಯಾಟ್‌ನ ಸೆಟ್ಟು ಕೊಂಡವರಿಗೆ ದೊರೆಯುವ ಹೆಚ್ಚಳವು ಗುರುತಿಸಬಹುದಾದಷ್ಟು ಮಾತ್ರ.

ಇದೇ ಹೆಚ್ಚಳವನ್ನು ಕಡಿಮೆ ಖರ್ಚಿನಲ್ಲಿ ಪಡೆಯುವ ಮಾರ್ಗಗಳಿವೆ. ಮೊದಲನೆಯದು ಸ್ಪೀಕರಿನ ಸಂವೇದನೆ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬುದನ್ನು ಒಳ್ಳೆಯ ಸ್ಪೀಕರುಗಳ ವಿವರಪಟ್ಟಿಯಲ್ಲಿ ಮುದ್ರಿಸಿರುತ್ತಾರೆ. 84 ಡೆಸಿಬಲ್‌ನ ಸ್ಪೀಕರಿಗೆ 100 ವ್ಯಾಟ್ ಕೊಟ್ಟಾಗ ಬರುವ ಸದ್ದು 90 ಡೆಸಿಬಲ್‌ನ ಸ್ಪೀಕರಿಗೆ 25 ವ್ಯಾಟ್ ಕೊಟ್ಟರೆ ಬರುತ್ತದೆ. ಆದರೂ ಗ್ರಾಹಕರು ಈ ಅಂಕಿಯನ್ನು ಕೇಳುವುದಿಲ್ಲ, ಮಾರಾಟಗಾರರು ಹೇಳುವುದಿಲ್ಲ. ಎರಡನೆಯದು ಖರ್ಚೇ ಇಲ್ಲದ್ದು: ಹತ್ತಿರ ಕೂರುವುದು. ಬಯಲಿನಲ್ಲಾದರೆ ದೂರವನ್ನು ಅರ್ಧ ಮಾಡಿದಾಗ 6 ಡೆಸಿಬಲ್ ಹೆಚ್ಚು ಸದ್ದು ಸಿಗುತ್ತದೆ, ಎಂದರೆ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಷ್ಟು. ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದಾಗಿ ಹೆಚ್ಚಳ ಇದಕ್ಕಿಂತ ಕಡಿಮೆಯಾದರೂ ಸ್ಪೀಕರಿನಿಂದ ನೇರವಾಗಿ ಬರುವ ಧ್ವನಿಯ ಪಾಲು ಹೆಚ್ಚಿ ಸ್ಪಷ್ಟತೆ ಬರುತ್ತದೆ. ಹಜಾರದ ಆ ತುದಿಯ ಷೋಕೇಸಿನಲ್ಲಿ ಸ್ಪೀಕರು, ಈ ತುದಿಯ ಆರಾಮಕುರ್ಚಿಯಲ್ಲಿ ಹಿರಿಯರು ಎಂಬ ಏರ್ಪಾಡನ್ನು ಬದಲಿಸಿ, ಒಂದೂವರೆ ಎರಡು ಮೀಟರ್ ಅಂತರದಲ್ಲಿ ಎರಡು ಸಣ್ಣ ಸ್ಪೀಕರುಗಳನ್ನು ಕಿವಿಯ ಎತ್ತರಕ್ಕೆ ಇರಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ.

ಹಿಂದೊಮ್ಮೆ ನಮ್ಮ ಮಾರುಕಟ್ಟೆಯನ್ನು ಆಳಿದ ಪಿ.ಎಂ.ಪಿ.ಒ. ಎಂಬ ಅಂಕಿಯನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ಪುಟ್ಟ ಪೆಟ್ಟಿಗೆಗಳ ಮೇಲೂ ಸಾವಿರಾರು ವ್ಯಾಟ್ ಎಂದು ಅಚ್ಚಾಗಿರುತ್ತಿತ್ತು. ಈ ಅಂಕಿಗೆ ಸರ್ವಮಾನ್ಯವಾದ ಅಳತೆಯ ವಿಧಾನವೇ ಇಲ್ಲ. ಗೋಡೆಯ ಸಾಕೆಟ್ಟಿನಿಂದ ಎಳೆದುಕೊಳ್ಳುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಯಾವ ಯಂತ್ರವೂ ನಿರಂತರವಾಗಿ ಹೊರಗೆ ಕೊಡಲಾರದೆಂಬುದು ಸಾಮಾನ್ಯ ವಿವೇಕ. ಆರ್.ಎಂ.ಎಸ್. ಅಂಕಿಯೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಧಾರಣ ಗಾತ್ರದ ಕೋಣೆಗೆ, ಒಳ್ಳೆಯ ಸಂವೇದನೆಯ ಸ್ಪೀಕರುಗಳಿದ್ದಲ್ಲಿ, ಪ್ರತಿ ಬದಿಗೆ 30ರಿಂದ 50 ವ್ಯಾಟ್ ಆರ್.ಎಂ.ಎಸ್. ಧಾರಾಳವಾಯಿತು.

ಅಪಾಯದ ಮಟ್ಟವನ್ನೂ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು ವೈಯಕ್ತಿಕ ಶ್ರವಣ ಸಲಕರಣೆಗಳಿಗಾಗಿ 2018ರಲ್ಲಿ ರೂಪಿಸಿದ ಮಾನಕದಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬಲ್ ಮಿತಿ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತ ಹೋಗುತ್ತದೆ: 90 ಡೆಸಿಬಲ್‌ನಲ್ಲಿ ವಾರಕ್ಕೆ ಸುಮಾರು 4 ಗಂಟೆ, 100 ಡೆಸಿಬಲ್‌ನಲ್ಲಿ 24 ನಿಮಿಷ. ನೆರೆಹೊರೆಯ ಪ್ರಶ್ನೆಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಾತ್ರ. ಅಪಾರ್ಟ್‌ಮೆಂಟುಗಳಲ್ಲಿ ಈ ಕಾರಣದಿಂದ ಎದ್ದ ಮನಸ್ತಾಪಗಳು ಯಾರಿಗೂ ಹೊಸತಲ್ಲ.

ಹಣವನ್ನು ಎಲ್ಲಿ ಹೂಡಬೇಕು?

ವ್ಯಾಟ್‌ನಲ್ಲಿ ಉಳಿಸಿದ ಹಣವನ್ನು ಧ್ವನಿಯನ್ನು ಬೇಕಾದಂತೆ ತಿದ್ದಿಕೊಳ್ಳುವ ಸೌಲಭ್ಯಕ್ಕೆ ಹಾಕುವುದು ಜಾಣತನ. ಸಾಮಾನ್ಯ ಸೆಟ್ಟುಗಳ ‘ಟ್ರೆಬಲ್’ ತಿರುಗಣೆಯು ತನ್ನ ಪೂರ್ಣ ಬಲವನ್ನು ತೋರುವುದು ಸುಮಾರು 10,000 ಹರ್ಟ್ಸ್‌ನ ಬಳಿ. ಹಿರಿಯರ ಕಿವಿಯಲ್ಲಿ ಆ ಭಾಗದಲ್ಲಿ ಬಹುಶಃ ಏನೂ ಉಳಿದಿರುವುದಿಲ್ಲ. ಉಳಿದಿಲ್ಲದ ಕಡೆ ಎಷ್ಟು ತುಂಬಿದರೂ ಅದು ಸಿಡುಕಾಗಿ ಕೇಳಿಸಬಹುದೇ ಹೊರತು ಸ್ಪಷ್ಟತೆ ತರುವುದಿಲ್ಲ. ವ್ಯಂಜನಗಳನ್ನು ಎತ್ತಿಕೊಡಬೇಕಾದದ್ದು 2,000ದಿಂದ 4,000 ಹರ್ಟ್ಸ್‌ನ ವಲಯದಲ್ಲಿ. ಆದುದರಿಂದ ಕನಿಷ್ಠ ಐದು, ಸಾಧ್ಯವಾದರೆ ಹತ್ತು ಪಟ್ಟಿಗಳ ಈಕ್ವಲೈಸರ್ ಇರುವ ಆಂಪ್ಲಿಫಯರ್ ಅಥವಾ ಮೊಬೈಲ್ ತಂತ್ರಾಂಶದಿಂದ ಹೊಂದಿಸಬಹುದಾದ ಸೆಟ್ಟನ್ನು ಆರಿಸಬೇಕು. 250 ಹರ್ಟ್ಸ್‌ಗಿಂತ ಕೆಳಗಿನದನ್ನು 3–4 ಡೆಸಿಬಲ್ ತಗ್ಗಿಸಿ, 2,000 ಮತ್ತು 4,000 ಹರ್ಟ್ಸ್‌ಗಳಲ್ಲಿ 4–6 ಡೆಸಿಬಲ್ ಏರಿಸಿ ಪ್ರಾರಂಭಿಸಬಹುದು. ಅಲ್ಲಿಂದ ಮುಂದೆ ಕೇಳುವವರ ಕಿವಿಯೇ ಪ್ರಮಾಣ. ಆಸ್ಪತ್ರೆಯ ಶ್ರವಣ ನಕ್ಷೆಯಲ್ಲಿ 40 ಡೆಸಿಬಲ್ ಕೊರತೆ ಕಂಡಿತೆಂದು 40 ಡೆಸಿಬಲ್ ತುಂಬಲು ಹೊರಡಬಾರದು. ಕೊರತೆಯ ಸುಮಾರು ಅರ್ಧದಷ್ಟನ್ನು ತುಂಬಿದರೆ ಸಾಕೆಂಬುದು ಶ್ರವಣವಿಜ್ಞಾನದಲ್ಲಿ 1940ರ ದಶಕದಿಂದ ಇರುವ ಸ್ಥೂಲ ನಿಯಮ, ಅದೂ ಶ್ರವಣ ಸಾಧನಕ್ಕೆ ಅನ್ವಯಿಸುವುದು. ಸ್ಟೀರಿಯೊದಲ್ಲಿ 6 ಡೆಸಿಬಲ್ ಏರಿಸಿದರೇ ಆ ಭಾಗದ ಶಕ್ತಿ ನಾಲ್ಕು ಪಟ್ಟಾಗಿ ಟ್ವೀಟರುಗಳ ಮೇಲೆ ಭಾರ ಬೀಳುತ್ತದೆ. ಟ್ವೀಟರ್ ಸುಟ್ಟುಹೋದ ಸೆಟ್ಟುಗಳು ವಾರಂಟಿಗೆ ಹಿಂದಿರುಗಿದಾಗ ಈಕ್ವಲೈಸರ್ ಎಲ್ಲಿತ್ತೆಂದು ವಿಚಾರಿಸುವುದು ಒಳ್ಳೆಯದು.

ಸಬ್‌ವೂಫರ್ ಬಗ್ಗೆ ಬರೆದರೆ ಕೆಲವು ಸದಸ್ಯರಿಗೆ ಅಸಮಾಧಾನವಾಗಬಹುದು, ಏಕೆಂದರೆ ಲಾಭಾಂಶ ಹೆಚ್ಚಿರುವುದು ಅದರಲ್ಲಿ. ಆದರೆ ತಗ್ಗಿನ ಧ್ವನಿಗಳು ಎತ್ತರದ ಧ್ವನಿಗಳನ್ನು ಮುಚ್ಚಿಹಾಕುತ್ತವೆ ಎಂಬುದು ಕಿವಿಯ ಗುಣ, ಮತ್ತು ಮಂದಶ್ರವಣದವರಲ್ಲಿ ಈ ಮುಚ್ಚುವಿಕೆ ಇನ್ನಷ್ಟು. ಅವರಿಗೆ ‘ಧಂ ಧಂ’ ಎಂಬುದು ಮೊದಲೇ ಚೆನ್ನಾಗಿ ಕೇಳಿಸುತ್ತಿರುತ್ತದೆ. ಅದನ್ನೇ ಹೆಚ್ಚಿಸಿದರೆ ಗಾಯಕರ ಮಾತು ಅದರಡಿ ಹೂತುಹೋಗುತ್ತದೆ. ‘ಲೌಡ್‌ನೆಸ್’, ‘ಮೆಗಾ ಬಾಸ್’ ಮುಂತಾದ ಗುಂಡಿಗಳನ್ನು ಇದೇ ಕಾರಣಕ್ಕೆ ಆರಿಸಿಡಬೇಕು.

ಇದಕ್ಕೆ ವಿರುದ್ಧವಾಗಿ, ಹೋಮ್ ಥಿಯೇಟರ್ ರಿಸೀವರುಗಳಲ್ಲಿರುವ ‘ನೈಟ್ ಮೋಡ್’ ಎಂಬ ಅನುಕೂಲವು ಯಾರ ಗಮನಕ್ಕೂ ಬಾರದೆ ಬಿದ್ದಿದೆ. ಮಲಗಿದವರಿಗೆ ತೊಂದರೆಯಾಗದಿರಲೆಂದು ಮೆಲುಧ್ವನಿಯನ್ನು ಎತ್ತಿ ಜೋರುಧ್ವನಿಯನ್ನು ತಗ್ಗಿಸುವ ಈ ವ್ಯವಸ್ಥೆ, ಮೇಲೆ ಹೇಳಿದ ಕಿರಿದಾದ ಅಂತರದ ಕಿವಿಗೆ ಹೇಳಿಮಾಡಿಸಿದಂತಿದೆ. ಸಿನಿಮಾ, ಧಾರಾವಾಹಿ ನೋಡುವವರಿಗಾದರೆ ಮಾತಿಗೆ ಮೀಸಲಾದ ನಡುವಿನ ಸ್ಪೀಕರ್ ಇದ್ದು ಅದರ ಮಟ್ಟವನ್ನಷ್ಟೇ ಪ್ರತ್ಯೇಕವಾಗಿ ಏರಿಸಬಹುದಾದ ಸೆಟ್ಟು ಬಹಳ ಉಪಯುಕ್ತ.

ಒಂದೇ ಕಿವಿ ಕೇಳಿಸುವವರ ವಿಷಯ ಪ್ರತ್ಯೇಕ. ಅವರು ಹೆಡ್‌ಫೋನ್ ಹಾಕಿಕೊಂಡರೆ ಸ್ಟೀರಿಯೊ ಮುದ್ರಣದಲ್ಲಿ ಆ ಬದಿಗಿರಿಸಿದ ವಾದ್ಯವೇ ಅವರ ಪಾಲಿಗೆ ಇಲ್ಲವಾಗುತ್ತದೆ. ಎರಡೂ ಬದಿಗಳನ್ನು ಬೆರೆಸಿಕೊಡುವ ‘ಮೋನೊ’ ಗುಂಡಿ ಹಳೆಯ ಆಂಪ್ಲಿಫಯರುಗಳಲ್ಲೆಲ್ಲ ಇರುತ್ತಿತ್ತು, ಹೊಸ ಸೆಟ್ಟುಗಳಲ್ಲಿ ಅಪರೂಪವಾಗಿದೆ. ಮೊಬೈಲ್ ಫೋನುಗಳ ಮತ್ತು ಕಂಪ್ಯೂಟರುಗಳ ಸುಗಮ್ಯತೆಯ ಆಯ್ಕೆಗಳಲ್ಲಿ ಮೋನೊ ಆಡಿಯೊ ದೊರೆಯುವುದರಿಂದ ಅಲ್ಲಿಂದ ನುಡಿಸುವುದಾದರೆ ಈ ತೊಂದರೆ ತಪ್ಪುತ್ತದೆ.

ಇನ್ನು ಯಂತ್ರವನ್ನು ನಡೆಸುವ ಬಗೆ. ಕೈಗೆ ಸಿಗುವ ದೊಡ್ಡ ತಿರುಗಣೆ, ಎದ್ದು ಕಾಣುವ ಅಕ್ಷರಗಳು, ಒಂದೇ ಒತ್ತಿಗೆ ರೇಡಿಯೊ ಅಥವಾ ಸಿ.ಡಿ. ಹಾಡತೊಡಗುವ ಸರಳತೆ ಇವುಗಳಿಗೆ ಹಿರಿಯರು ಕೊಡುವ ಬೆಲೆ ಹೆಚ್ಚು. ಎಲ್ಲವನ್ನೂ ಮೊಬೈಲ್ ಪರದೆಯಲ್ಲೇ ಮಾಡಬೇಕಾದ ಸೆಟ್ಟು ಎಷ್ಟೇ ಒಳ್ಳೆಯದಾದರೂ ಮೂಲೆ ಸೇರುತ್ತದೆ. ಒಂದು ಸಮಾಧಾನವೆಂದರೆ ಹಳೆಯ ಕ್ಯಾಸೆಟ್ಟುಗಳ ‘ಸ್ಸ್’ ಎಂಬ ಹಿನ್ನೆಲೆಯ ಸದ್ದು ಇವರನ್ನು ಅಷ್ಟಾಗಿ ಬಾಧಿಸುವುದಿಲ್ಲ. ನಿಮಗೆ ಕೇಳಿಸಿತೆಂದು ಅವರ ಕ್ಯಾಸೆಟ್ ಸಂಗ್ರಹವನ್ನು ಹಳಿಯಬೇಡಿ.

ಶ್ರವಣ ಸಾಧನ ಧರಿಸಿದವರು

ಶ್ರವಣ ಸಾಧನಗಳನ್ನು ಮುಖ್ಯವಾಗಿ ಮಾತಿಗಾಗಿ ನಿರ್ಮಿಸುತ್ತಾರೆ. ಮಾತು ನಿಂತು ನಿಂತು ಬರುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನದೋ ಎಂಜಿನ್ನಿನದೋ ಎಂದು ಬಗೆದು ತಗ್ಗಿಸುವಂತೆ ಅವುಗಳಲ್ಲಿ ವ್ಯವಸ್ಥೆ ಇರುತ್ತದೆ. ನಮ್ಮ ಸಂಗೀತದಲ್ಲಿ ತಂಬೂರಿಯ ಶ್ರುತಿ ಒಂದೇ ಸಮನೆ ಬರುತ್ತದೆ! ಸಾಧನವು ಅದನ್ನೂ ಗದ್ದಲವೆಂದು ಬಗೆದು ತಗ್ಗಿಸುವುದುಂಟು. ಹಾಗೆಯೇ ಸಾಧನದ ಸಿಳ್ಳನ್ನು ತಡೆಯುವ ವ್ಯವಸ್ಥೆಯು ಕೊಳಲಿನ ದೀರ್ಘಸ್ವರವನ್ನು ಸಿಳ್ಳೆಂದೇ ಭ್ರಮಿಸಿ ಸ್ವರ ನಡುಗುವಂತೆ ಮಾಡುವುದೂ ಉಂಟು. ಕೇಳುಗರು ದೂರುವುದು ಸ್ಟೀರಿಯೊವನ್ನು. ಇಂಥ ಸಂದರ್ಭದಲ್ಲಿ ಶ್ರವಣ ತಜ್ಞರ ಬಳಿಗೆ ಹೋಗಿ ಸಾಧನದಲ್ಲಿ ಸಂಗೀತಕ್ಕೆಂದೇ ಪ್ರತ್ಯೇಕ ಹೊಂದಾಣಿಕೆ ಮಾಡಿಸಿಕೊಳ್ಳುವಂತೆ ತಿಳಿಸಬೇಕು. ಈಚಿನ ಅನೇಕ ಡಿಜಿಟಲ್ ಸಾಧನಗಳಲ್ಲಿ ಇದಕ್ಕೆ ಅವಕಾಶವಿದೆ. ಅಲ್ಪ ಪ್ರಮಾಣದ ದೋಷವಿರುವವರು ಸಂಗೀತದ ವೇಳೆ ಸಾಧನ ತೆಗೆದಿಟ್ಟು, ಹತ್ತಿರದ ಸ್ಪೀಕರಿನಲ್ಲೋ ಒಳ್ಳೆಯ ಹೆಡ್‌ಫೋನಿನಲ್ಲೋ ಕೇಳಿ ತೃಪ್ತರಾಗುವುದೂ ಇದೆ.

ಸಾಧನ ಧರಿಸಿಯೇ ಹೆಡ್‌ಫೋನ್ ಬಳಸುವವರಿಗೆ ಕಿವಿಯನ್ನು ಪೂರ್ಣ ಸುತ್ತುವರಿಯುವ ದೊಡ್ಡ ಬಟ್ಟಲಿನ ಮಾದರಿಯೇ ಬೇಕು. ಕಿವಿಯ ಹಿಂದೆ ಕೂರುವ ಸಾಧನದ ಮೈಕು ಕಿವಿಯ ಮೇಲ್ಭಾಗದಲ್ಲಿರುತ್ತದೆ. ಬಟ್ಟಲು ಅದನ್ನೂ ಒಳಗೊಳ್ಳಬೇಕು, ಒತ್ತಿದಾಗ ಸಿಳ್ಳು ಬರಬಾರದು. ಇದನ್ನು ಧರಿಸಿ ನೋಡಿಯೇ ತಿಳಿಯಬೇಕು, ಪೆಟ್ಟಿಗೆಯ ಮೇಲಿನ ವಿವರದಿಂದ ತಿಳಿಯುವುದಿಲ್ಲ.

ತಂತಿಯಿಲ್ಲದೆ ಧ್ವನಿಯನ್ನು ನೇರವಾಗಿ ಶ್ರವಣ ಸಾಧನಕ್ಕೆ ಕಳುಹಿಸುವ ವ್ಯವಸ್ಥೆಗಳಲ್ಲಿ ಮೂರು ಬಗೆ. ಹಳೆಯದು ಸಾಧನದೊಳಗಿನ ‘ಟಿ’ ಸುರುಳಿ: ಕೋಣೆಯ ಸುತ್ತ ಒಂದು ತಂತಿ ಎಳೆದು ವಿಶೇಷ ಆಂಪ್ಲಿಫಯರಿಗೆ ಜೋಡಿಸಿದರೆ ಅದರೊಳಗೆ ಕುಳಿತವರಿಗೆ ಧ್ವನಿ ತಲುಪುತ್ತದೆ, ಸಾಧನ ಯಾವ ಕಂಪನಿಯದಾದರೂ ಸರಿ. ಎರಡನೆಯದು ಸಾಧನ ತಯಾರಕರೇ ಮಾರುವ ಟಿ.ವಿ. ಜೋಡಣೆಯ ಪೆಟ್ಟಿಗೆ. ಒಂದು ಕಂಪನಿಯದು ಇನ್ನೊಂದರ ಸಾಧನಕ್ಕೆ ಸಾಮಾನ್ಯವಾಗಿ ಹೊಂದದ ಕಾರಣ ಗ್ರಾಹಕರ ಸಾಧನದ ಹೆಸರು ಮತ್ತು ಮಾದರಿಯನ್ನು ಬರೆದುಕೊಳ್ಳದೆ ಆರ್ಡರು ಹಾಕಬಾರದು. ಮೂರನೆಯದು ಹೊಸ ಬ್ಲೂಟೂತ್ ಎಲ್‌ಇ ಆಡಿಯೊ. 2020ರಲ್ಲಿ ಘೋಷಿತವಾಗಿ 2022ರಲ್ಲಿ ಪೂರ್ಣಗೊಂಡ ಈ ಮಾನಕದಲ್ಲಿ ಆರಕಾಸ್ಟ್ ಎಂಬ ಪ್ರಸಾರ ಸೌಲಭ್ಯವಿದ್ದು, ಒಂದೇ ಮೂಲದಿಂದ ಅನೇಕರ ಸಾಧನಗಳಿಗೆ ಧ್ವನಿ ಕಳುಹಿಸಬಹುದು. ಸಾಧನ ಮತ್ತು ಸ್ಟೀರಿಯೊ ಎರಡರಲ್ಲೂ ಈ ಸೌಲಭ್ಯವಿದ್ದರೆ ಮಾತ್ರ ಪ್ರಯೋಜನ. ಬರಿಯ ‘ಬ್ಲೂಟೂತ್ ಇದೆ’ ಎಂಬ ಭರವಸೆ ಸಾಲದು.

ಹಳೆಯ ಬಗೆಯ ಬ್ಲೂಟೂತ್‌ನಲ್ಲಿ ಧ್ವನಿ ತುಸು ತಡವಾಗಿ ತಲುಪುತ್ತದೆ. ಹಾಡು ಕೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ಮಂದಶ್ರವಣದವರು ತಮಗರಿವಿಲ್ಲದೆಯೇ ತುಟಿಯ ಚಲನೆಯನ್ನು ನೋಡಿ ಮಾತನ್ನು ಊಹಿಸುತ್ತಿರುತ್ತಾರೆ. ತುಟಿಗೂ ಧ್ವನಿಗೂ ತಾಳೆ ತಪ್ಪಿದರೆ ಟಿ.ವಿ. ನೋಡುವಾಗ ಅವರಿಗಾಗುವ ಕಷ್ಟ ನಮಗಿಂತ ಹೆಚ್ಚು.

ಮನೆಮಂದಿಯ ಶಾಂತಿಗಾಗಿ ಇನ್ನೊಂದು ಮಾತು. ಹಿರಿಯರ ಹೆಡ್‌ಫೋನಿಗೆ ಮತ್ತು ಕೋಣೆಯ ಸ್ಪೀಕರುಗಳಿಗೆ ಬೇರೆ ಬೇರೆ ಮಟ್ಟ ಇರಿಸಲು ಬರುವಂತಿರಬೇಕು. ಹೆಡ್‌ಫೋನ್ ಸಿಕ್ಕಿಸಿದೊಡನೆ ಸ್ಪೀಕರುಗಳು ಮೂಕವಾಗುವ ಸೆಟ್ಟನ್ನು ಕೊಟ್ಟರೆ ಒಬ್ಬರು ಕೇಳುವಾಗ ಉಳಿದವರು ಕೇಳುವಂತಿಲ್ಲ. ಸಂಗೀತ ಒಟ್ಟಿಗೆ ಕುಳಿತು ಕೇಳುವ ಸುಖವೇ ಹೋಯಿತು.

ಕೋಣೆ

ನಮ್ಮ ಮನೆಗಳ ಕೋಣೆಗಳು ಈ ಕಿವಿಗಳಿಗೆ ಶತ್ರುಗಳಂತಿವೆ. ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ನೆಲ, ಗಾರೆ ಗೋಡೆ, ಕಾಂಕ್ರೀಟ್ ತಾರಸಿ, ಗಾಜಿನ ಕಿಟಕಿ ಎಲ್ಲವೂ ಧ್ವನಿಯನ್ನು ಹಿಂದಕ್ಕೆಸೆಯುತ್ತವೆ. ಒಂದು ಅಕ್ಷರದ ಮಾರ್ದನಿ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಕೇಳುವವರ ಬೆನ್ನಿಗೊಂದು ಪುಸ್ತಕದ ಕಪಾಟು ಇವು ದುಬಾರಿ ಸ್ಪೀಕರು ಮಾಡಲಾಗದ ಕೆಲಸವನ್ನು ಮಾಡುತ್ತವೆ. ತಲೆಯ ಮೇಲಿನ ಫ್ಯಾನು ಮತ್ತು ಪಕ್ಕದ ಅಡುಗೆಮನೆಯ ಮಿಕ್ಸಿಯನ್ನು ಮರೆಯಬಾರದು. ಸೆಟ್ಟು ಜೋಡಿಸಲು ಹೋದ ಹುಡುಗ ಈ ಎರಡು ಮಾತು ಹೇಳಿ ಬಂದರೆ ಅಂಗಡಿಗೆ ಒಳ್ಳೆಯ ಹೆಸರು.

ಕಾಯಿದೆಯ ಎಚ್ಚರ

‘ಕಿವುಡರಿಗೂ ಕೇಳಿಸುವ ಸ್ಟೀರಿಯೊ’ ಎಂಬಂಥ ಜಾಹೀರಾತು ಕೊಡುವ ಆಸೆ ಹುಟ್ಟಿದರೆ ಅದನ್ನು ಅಲ್ಲಿಯೇ ಬಿಡಬೇಕು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ತಪ್ಪುದಾರಿಗೆಳೆಯುವ ಜಾಹೀರಾತಿಗೆ ದಂಡವಿದೆ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಅಧಿನಿಯಮದ ಅನುಸೂಚಿಯಲ್ಲಿ ಕಿವುಡುತನವೂ ಸೇರಿದೆ. ಗುಣಪಡಿಸುವ ಮಾತನ್ನೇ ಆಡಬಾರದು. ಶ್ರವಣ ಸಾಧನವು ವೈದ್ಯಕೀಯ ಉಪಕರಣ, ಸ್ಟೀರಿಯೊ ಗೃಹೋಪಯೋಗಿ ವಸ್ತು; ಎರಡರ ನಿಯಮಗಳು ಬೇರೆ. ಶ್ರವಣ ಸಾಧನಕ್ಕೆ ಜಿ.ಎಸ್.ಟಿ. ವಿನಾಯಿತಿ ಇದೆಯೆಂದು ಹೆಡ್‌ಫೋನನ್ನೋ ಧ್ವನಿವರ್ಧಕವನ್ನೋ ಆ ಹೆಸರಿನಲ್ಲಿ ಬಿಲ್ಲು ಮಾಡುವಂತಿಲ್ಲ.

ಗ್ರಾಹಕರ ಕಿವಿಯನ್ನು ಪರೀಕ್ಷಿಸುವುದು ಅಂಗಡಿಯ ಕೆಲಸವಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಕಾರ್ಯನಿರ್ವಹಿಸುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಹೆಸರಾಂತ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ದೊಡ್ಡ ಆಸ್ಪತ್ರೆಗಳಲ್ಲಿಯೂ ಶ್ರವಣ ತಜ್ಞರಿದ್ದಾರೆ. ‘ಎರಡು ದಿನದಿಂದ ಒಂದು ಕಿವಿ ಕೇಳಿಸುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ಸ್ಟೀರಿಯೊ ತೋರಿಸುತ್ತ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗುವಂತೆ ಒತ್ತಾಯಿಸಬೇಕು. ಹಠಾತ್ತನೆ ಬಂದ ಶ್ರವಣದೋಷಕ್ಕೆ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.

ಅಂಗಡಿಯಲ್ಲಿ ಕೇಳಿಸುವ ಕ್ರಮ

ಹಣ ಕೊಡುವವರು ಮಕ್ಕಳು, ಕೇಳುವವರು ಹಿರಿಯರು. ಮಾರಾಟಗಾರನು ಮಗನೊಡನೆ ಮಾತನಾಡುತ್ತ ಹೋಗುತ್ತಾನೆ. ಹಿರಿಯರು ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿರುತ್ತಾರೆ. ಎಲ್ಲ ತಪ್ಪು ಆಯ್ಕೆಗಳೂ ಅಲ್ಲಿಂದಲೇ ಆರಂಭ. ಅವರ ಎದುರು, ಮುಖ ಕಾಣುವಂತೆ ಕುಳಿತು, ಕಿರುಚದೆ, ನಿಧಾನವಾಗಿ ಅವರೊಡನೆಯೇ ಮಾತನಾಡಬೇಕು: ‘ತಾವು ಯಾವ ಸಂಗೀತ ಕೇಳುತ್ತೀರಿ? ಮಾತು ತಿಳಿಯುವುದು ಕಷ್ಟವೋ, ಸದ್ದೇ ಸಾಲದೋ? ಜೋರು ಸದ್ದು ಹಿಂಸೆಯಾಗುತ್ತದೆಯೇ? ಶ್ರವಣ ಸಾಧನ ಇದೆಯೇ?’ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ಆಯ್ಕೆ ಬಹುಪಾಲು ಮುಗಿದಂತೆ.

ನುಡಿಸುವಾಗ ಅಂಗಡಿಯ ಥಳುಕಿನ ಡೆಮೊ ಡಿಸ್ಕನ್ನು ಬದಿಗಿಟ್ಟು ಅವರಿಗೆ ಬಾಯಿಪಾಠವಿರುವ ಹಾಡನ್ನೇ ಮೊದಲು ಹಾಕಿ. ಅನಂತರ ಅವರು ಎಂದೂ ಕೇಳಿರದ ಮಾತಿನ ತುಣುಕೊಂದನ್ನು, ಆಕಾಶವಾಣಿಯ ಅಂದಿನ ವಾರ್ತೆಯಾದರೂ ಆಗಬಹುದು. ಗೊತ್ತಿರುವ ಹಾಡನ್ನು ನೆನಪೇ ತುಂಬಿಕೊಡುವುದರಿಂದ ಯಾವ ಸ್ಪೀಕರಾದರೂ ಚೆನ್ನಾಗಿದೆಯೆನಿಸುತ್ತದೆ. ಸ್ಪಷ್ಟತೆ ತಿಳಿಯುವುದು ಎರಡನೆಯದರಲ್ಲಿ. ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಸೌಜನ್ಯಕ್ಕಾದರೂ ಹೌದೆನ್ನುತ್ತಾರೆ. ಕೇಳಿದ ವಾಕ್ಯವನ್ನು ತಿರುಗಿ ಹೇಳುವಂತೆ ನಯವಾಗಿ ಕೋರುವುದು ಸರಿಯಾದ ಕ್ರಮ. ಎರಡು ಸೆಟ್ಟುಗಳನ್ನು ಹೋಲಿಸುವಾಗ ಎರಡರ ಸದ್ದಿನ ಮಟ್ಟ ಒಂದೇ ಇರಲಿ. ಸ್ವಲ್ಪವೇ ಜೋರಾದದ್ದು ಯಾರ ಕಿವಿಗಾದರೂ ಉತ್ತಮವೆನಿಸುತ್ತದೆ, ಮತ್ತು ದುಬಾರಿ ಸೆಟ್ಟನ್ನು ತುಸು ಜೋರಾಗಿ ನುಡಿಸುವ ಹಳೆಯ ಚಾಳಿ ನಮ್ಮಲ್ಲಿ ಇಲ್ಲದಿಲ್ಲ. ಫೋನಿನಲ್ಲಿರುವ ಉಚಿತ ಡೆಸಿಬಲ್ ಅಳತೆಯ ತಂತ್ರಾಂಶವೂ ಈ ಹೋಲಿಕೆಯ ಮಟ್ಟಿಗೆ ಸಾಕು.

ಏಳೆಂಟು ದಿನ ಮನೆಯಲ್ಲಿರಿಸಿಕೊಂಡು ನೋಡಿ, ಒಗ್ಗದಿದ್ದರೆ ಬದಲಿಸಿಕೊಳ್ಳುವ ಅವಕಾಶವನ್ನು ಇಂಥ ಗ್ರಾಹಕರಿಗೆ ಕೊಡುವುದು ಸೂಕ್ತ. ಅಂಗಡಿಯಲ್ಲಿ ಹಿಡಿಸಿದ್ದು ಮನೆಯ ಗೋಡೆಗಳ ನಡುವೆ ಹಿಡಿಸದಿರಬಹುದು, ಕಿವಿಯೂ ಹೊಸ ಧ್ವನಿಗೆ ಒಗ್ಗಿಕೊಳ್ಳಲು ಕೆಲವು ದಿನ ಬೇಡುತ್ತದೆ. ಮೊದಲ ದಿನ ‘ಚೀರಿದಂತಿದೆ’ ಎಂದವರು ವಾರದ ಮೇಲೆ ಅದೇ ಹೊಂದಾಣಿಕೆಯನ್ನು ಬಿಡಲೊಲ್ಲರು. ವಾರ ಕಳೆದ ಬಳಿಕ ಒಮ್ಮೆ ಹೋಗಿ ಈಕ್ವಲೈಸರನ್ನು ಅವರ ಮುಂದೆಯೇ ತಿದ್ದಿ, ಒಪ್ಪಿಗೆಯಾದ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಸೆಟ್ಟಿನ ಪಕ್ಕಕ್ಕೆ ಅಂಟಿಸಬೇಕು. ಮೊಮ್ಮಕ್ಕಳು ರಜೆಗೆ ಬಂದು ಎಲ್ಲವನ್ನೂ ತಿರುಗಿಸಿಟ್ಟು ಹೋದ ಮೇಲೆ ಆ ಚೀಟಿಯ ಬೆಲೆ ತಿಳಿಯುತ್ತದೆ. ದನಿಯ ತಿರುಗಣೆಯ ಮೇಲೆ, ಇದಕ್ಕಿಂತ ಮುಂದೆ ಹೋಗಬಾರದೆಂಬಲ್ಲಿ, ಕೆಂಪು ಬಣ್ಣದ ಒಂದು ಗೆರೆ ಎಳೆದು ಬರುವುದನ್ನೂ ಮರೆಯಬಾರದು.